ಎಡಮೂಲೆಯ ಎಂಟು ಗಾಜುಗಳು

ಯಾವ ಕಟ್ಟಡಕ್ಕೆ ಹೋದರೂ ಮೂಲೆಯಕ್ಕ ಮುಂಬಾಗಿಲಿನಿಂದ ನೇರವಾಗಿ ಒಳಗೆ ಹೋದದ್ದನ್ನು ಕಂಡವರಿಲ್ಲ. ಮೊದಲು ಮೂಲೆಗೆ ಹೋಗಬೇಕು; ಎರಡು ಗೋಡೆ ಕೂಡುವಲ್ಲಿ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ, ಒಂದು ಕಣ್ಣು ಮುಚ್ಚಿ, ತುದಿಯಿಂದ ಬುಡದವರೆಗೆ ಅಂಚನ್ನು ಓದಿಕೊಂಡು ಬರಬೇಕು; ಬಂದ ಕೆಲಸವೇನಿದ್ದರೂ ಆಮೇಲೆ. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದ ದಿನವೂ ಹಾಗೇ ಆಯಿತು. ತಮ್ಮನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ ಮಾಯವಾದ ಸೊಸೆ ಕಾಲು ಗಂಟೆ ಬಿಟ್ಟು ಬಂದಾಗ ಅತ್ತೆ ಕೇಳಿದ್ದು ಇಷ್ಟೇ: "ನನ್ನ ಕಣ್ಣು ತೋರಿಸೋಕೆ ಬಂದಿದ್ದಾ, ಇಲ್ಲ ಆ ಗೋಡೆಗೂ ಪೊರೆ ಬಂದಿತ್ತಾ?"

"ಗೋಡೆಗಲ್ಲ ಅತ್ತೆ, ಗಾಜಿಗೆ. ಮೂಲೇಲಿ ಎರಡು ಕಂಬಿ ಜಗಳ ಆಡ್ತಿವೆ."

ಅವರು ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮೂಲೆಯಕ್ಕ ಎಂದು. ಐವತ್ತೆರಡು ವರ್ಷ, ಗಿಡ್ಡ ಮೈಕಟ್ಟು, ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕೋಟು. ಅದರ ಜೇಬುಗಳಲ್ಲಿ ಅಳತೆಯ ಟೇಪು, ಮೋಟು ಪೆನ್ಸಿಲು, ಕರವಸ್ತ್ರದಲ್ಲಿ ಸುತ್ತಿದ ಒಂದು ಗಾಜಿನ ತುಂಡು. ತಿರುವಿನಲ್ಲಿ ಬೇರೆಯವರಂತೆ ಓರೆಯಾಗಿ ಹಾಯದೆ, ಗೋಡೆ ಮುಗಿಯುವ ತನಕ ನೇರ ನಡೆದು, ನಿಂತು, ತಿರುಗಿ, ಮತ್ತೆ ನೇರ ನಡೆಯುವ ಅವರ ನಡಿಗೆ ಚದುರಂಗದ ಆನೆಯದು.

ಕಟ್ಟಡದ ಹೊರಮೈಗೆ ಪರದೆಯಂತೆ ಇಳಿಬಿಡುವ ಗಾಜಿನ ಗೋಡೆಯನ್ನು, ಅದು ಮೇಲೇಳುವ ಮೊದಲೇ, ಕಂಪ್ಯೂಟರಿನೊಳಗೆ ಗಾಜಿಗೆ ಗಾಜು, ಕಂಬಿಗೆ ಕಂಬಿ ಜೋಡಿಸಿ ನಿಲ್ಲಿಸುವುದು ಅವರ ಕೆಲಸ. ನೇರ ಗೋಡೆ ಯಾರಿಗಾದರೂ ಬರುತ್ತದೆ; ಗೆರೆ ಎಳೆದರೆ ಸಾಕು, ತಂತ್ರಾಂಶವೇ ಗಾಜುಗಳನ್ನು ಸಾಲಾಗಿ ಕೂರಿಸಿಕೊಡುತ್ತದೆ. ತೊಡಕಿರುವುದು ಎರಡು ಗೋಡೆ ಕೂಡುವಲ್ಲಿ. ಅಲ್ಲಿ ಪ್ರತಿ ಗೋಡೆಯೂ ಗಾಜು ಹಿಡಿಯುವ ತನ್ನ ತನ್ನ ಕಂಬಿಯನ್ನು ತಂದು ನಿಲ್ಲಿಸುತ್ತದೆ. ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರು ಕುಳಿತ ಹಾಗೆ ಎರಡೂ ಒಂದೇ ಜಾಗದಲ್ಲಿ ನಿಂತಿರುತ್ತವೆ, ಮಾನಿಟರಿನಲ್ಲಿ ಮಾತ್ರ ಒಂದೇ ಕಂಬಿಯಂತೆ ಚೆಂದವಾಗಿ ಕಾಣುತ್ತವೆ. ಅಂಥ ಚೆಂದವನ್ನು ಯಾರಾದರೂ ತಂದು ತೋರಿಸಿದರೆ ಅವರ ಉತ್ತರ ಎರಡೇ ಪದದ್ದು: "ಕಾಣ್ತಿದೆ. ಇದೆಯಾ?"

ಹೀಗಾಗಿ ಹನ್ನೊಂದು ವರ್ಷಗಳಿಂದ ಕಚೇರಿಯ ಯಾವ ನಕ್ಷೆಯೂ ಅವರ ಮೇಜನ್ನು ದಾಟದೆ ಹೊರಗೆ ಹೋಗುತ್ತಿರಲಿಲ್ಲ. "ಎಲ್ಲಾ ಕಚೇರೀಲೂ ವಯಸ್ಸಾದವರನ್ನ ಮೂಲೆಗೆ ಸೇರಿಸ್ತಾರೆ, ನಮ್ಮಕ್ಕ ಮೂಲೆಗಳನ್ನೇ ಸೇರಿಸ್ತಾರೆ" ಎಂದು ಪಕ್ಕದ ಮೇಜಿನವನು, ಮಾತಿನ ಮಲ್ಲ, ಹೊಸಬರಿಗೆ ಅವರನ್ನು ಪರಿಚಯ ಮಾಡಿಕೊಡುತ್ತಿದ್ದ.

ಹೊಸದಾಗಿ ಬಂದ ಮುಖ್ಯಸ್ಥರಿಗೆ ಈ ಮೇಜು ದಂಡವೆನಿಸಿತು. ತಾಳೆ ನೋಡುವುದಕ್ಕೆ ತಂತ್ರಾಂಶವೇ ಇರುವಾಗ ಮನುಷ್ಯರೇಕೆ ಎಂದು ಕೇಳಿದರು. "ಒಂದಕ್ಕೊಂದು ಡಿಕ್ಕಿ ಹೊಡೆದ್ರೆ ಅದು ಹೇಳುತ್ತೆ ಸರ್, ತಪ್ಪಿದ್ರೆ ಹೇಳಲ್ಲ" ಎಂದರು ಮೂಲೆಯಕ್ಕ. ಮಾತು ಬೆಳೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂತು: ಆಗ ಕೈಯಲ್ಲಿದ್ದ ನಾಲ್ಕು ಅಂತಸ್ತಿನ ಗ್ರಂಥಾಲಯ ಒಂದೂ ತಪ್ಪಿಲ್ಲದೆ ಹೊರಗೆ ಹೋದರೆ ಪರಿಶೀಲನೆಯ ಮೇಜು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಆ ಗ್ರಂಥಾಲಯದ ಮುಂಭಾಗದ ಎರಡೂ ಮೂಲೆಗಳಲ್ಲಿ ಕಂಬಿಯೇ ಇರಲಿಲ್ಲ. ಗಾಜಿಗೆ ಗಾಜೇ ಕೂಡಬೇಕು. ಎರಡು ಅಂಗೈಗಳನ್ನು ಮೂಲೆಯಾಗಿ ಹಿಡಿದರೆ ಒಂದು ಕೈ ಇನ್ನೊಂದರ ತುದಿಯನ್ನು ಮುಚ್ಚಲೇಬೇಕಲ್ಲವೇ, ಹಾಗೆ ಮುಂಭಾಗದ ಗಾಜು ಪೂರ್ತಿ ಅಂಚಿನವರೆಗೆ ಬಂದು, ಪಕ್ಕದ ಗಾಜು ಅದರ ಹಿಂದೆ ಮೂವತ್ತೆಂಟು ಮಿಲಿಮೀಟರು ಹಿಂದಕ್ಕೆ ಸರಿದು ನಿಲ್ಲಬೇಕು. ಬಲಮೂಲೆಯನ್ನು ಅವರು ಎರಡು ವಾರ ಕೂತು ಕಟ್ಟಿದರು. ಅದರದೇ ಪ್ರತಿ ತೆಗೆದು ಎಡಮೂಲೆಯಲ್ಲಿ ಕೂರಿಸಿದರು. ತಂತ್ರಾಂಶ ಒಂದೂ ದೂರು ಹೇಳಲಿಲ್ಲ. ಗಾಜಿನ ಅಳತೆಪಟ್ಟಿ ಗುರುವಾರ ಕಾರ್ಖಾನೆಗೆ ಹೋಯಿತು.

ಭಾನುವಾರ ಬೆಳಗ್ಗೆ ಅತ್ತೆ ಕಿಟಕಿಯ ಬಳಿ ಕೂತು ಸೊಸೆಯ ಕೋಟಿನ ತೋಳಿಗೆ ಹೊಸ ಲೈನಿಂಗ್ ಕತ್ತರಿಸುತ್ತಿದ್ದರು. ಕತ್ತರಿ ನಿಂತು, ನಾಲಗೆ ಲೊಚಗುಟ್ಟಿದ ಸದ್ದು ಬಂತು.

"ಥೂ, ಎರಡೂ ಎಡಗೈಯೇ ಆಯ್ತಲ್ಲೇ!"

"ಇಷ್ಟು ವರ್ಷ ಹೊಲಿದೂ ಹೀಗಾ ಅತ್ತೆ?"

"ನಗು ನಗು. ಬಟ್ಟೆ ಉಳಿಸೋಣ ಅಂತ ಕಾಗದದ ನಮೂನೆ ಹಂಗೇ ತಿರುಗಿಸಿ ಇಟ್ಟುಬಿಟ್ಟೆ. ಮಗುಚಿ ಇಡಬೇಕಿತ್ತು. ಬಟ್ಟೆಗೊಂದು ಒಳಮೈ ಇರುತ್ತಲ್ಲ, ಈಗ ಇದನ್ನ ತಲೆಕೆಳಗು ಹಾಕಿದ್ರೂ ಎಡಗೈಯೇ."

ಸೊಸೆ ನಗುತ್ತಲೇ ಆ ಎರಡು ತುಂಡುಗಳನ್ನು ಕೈಗೆತ್ತಿಕೊಂಡರು. ಒಂದರ ಪಕ್ಕ ಒಂದನ್ನು ಹಿಡಿದರು. ನಗು ನಿಂತಿತು.

ಅವರೂ ತಿರುಗಿಸಿದ್ದರು. ಬಲಮೂಲೆಯ ಪ್ರತಿಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚದೆ, ಕಾಲು ಸುತ್ತು ತಿರುಗಿಸಿ ಎಡಮೂಲೆಗೆ ಇಟ್ಟಿದ್ದರು. ಅದು ಕೂತಿತ್ತು, ಅಂದವಾಗಿಯೇ ಕೂತಿತ್ತು. ಆದರೆ ಬಲಕ್ಕೆ ಮುಂಭಾಗದ ಗಾಜು ಪಕ್ಕದ್ದನ್ನು ಮುಚ್ಚಿದರೆ, ಎಡಕ್ಕೆ ಪಕ್ಕದ ಗಾಜು ಮುಂಭಾಗದ್ದನ್ನು ಮುಚ್ಚುತ್ತಿತ್ತು. ಗಾಜು ಕೂರಬೇಕಾದ ಉಕ್ಕಿನ ಚಾನಲ್‌ಗಳಾದರೋ ಕಟ್ಟಡದಲ್ಲಿ ಆಗಲೇ, ಅವರೇ ಬರೆದ ಮೊದಲಿನ ಸರಿಯಾದ ನಕ್ಷೆಯ ಪ್ರಕಾರ, ಗಟ್ಟಿಯಾಗಿ ಕೂತಿದ್ದವು. ಅಂತಸ್ತಿಗೆ ಎರಡರಂತೆ ಎಂಟು ಗಾಜು: ನಾಲ್ಕು ಬೇಕಾದುದಕ್ಕಿಂತ ಕಿರಿದು, ನಾಲ್ಕು ಅಗಲ. ಒಳಮೈಯ ಒಂದೇ ಅಂಚಿಗೆ ಕಪ್ಪು ಪಟ್ಟಿ ಹಾಕಿದ ಗಾಜಾದ್ದರಿಂದ ಅದಲುಬದಲು ಮಾಡುವಂತೆಯೂ ಇರಲಿಲ್ಲ. ಒಮ್ಮೆ ಒಲೆಗೆ ಹೋಗಿ ಗಡುಸಾಗಿ ಬಂದ ಗಾಜನ್ನು ಮತ್ತೆ ಕತ್ತರಿಸಲೂ ಬರುವುದಿಲ್ಲ. ಗೀರಿದರೆ ಸಾಕು, ಹರಳುಪ್ಪಿನಂತೆ ಸುರಿದುಹೋಗುತ್ತದೆ.

ಕಾರ್ಖಾನೆಯ ಮೇಸ್ತ್ರಿಗೆ ಫೋನು ಮಾಡಿದರು.

"ಮೂರು ಗಾಜು ಒಲೆ ದಾಟಿದ್ವಲ್ಲ ಅಕ್ಕಾ. ಇನ್ನೈದು ನಾಳೆಗೆ."

"ಆ ಐದನ್ನ ಮುಟ್ಟಬೇಡಿ. ಹೊಸ ಅಳತೆ ಕಳಿಸ್ತೀನಿ."

"ಸರಿ. ಯಾರ ತಪ್ಪು ಅಂತ ಬರ್ಕೊಳ್ಳಲಿ?"

"ನಂದು."

ಸೋಮವಾರ ಬೆಳಗ್ಗೆ ಪಕ್ಕದ ಮೇಜಿನವನಿಗೆ ವಿಷಯ ತಿಳಿದಾಗ, ಮುಖ್ಯಸ್ಥರು ಇನ್ನೂ ಬಂದಿರಲಿಲ್ಲ. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಅಕ್ಕಾ, ಐದು ಹೇಗೂ ಉಳಿದ್ವು. ಮೂರು ಒಡೆದುಹೋದ್ವು ಅನ್ನಿ, ಮೇಸ್ತ್ರೀನೂ ಹೂಂ ಅಂತಾನೆ, ನಿಮ್ಮ ಮಾತು ತೆಗೆದುಹಾಕಲ್ಲ. ಒಡೆಯೋದು ಗಾಜಿನ ಧರ್ಮ. ಯಾರು ಕೇಳ್ತಾರೆ? ನಿಮ್ಮ ಮೇಜೂ ಉಳಿಯುತ್ತೆ."

"ಒಡೆದಿಲ್ಲವಲ್ಲ" ಎಂದರು ಮೂಲೆಯಕ್ಕ.

ಅವನ ವಾದವನ್ನು ಅವರು ತಿರಸ್ಕರಿಸಿದರು ಎನ್ನುವುದಕ್ಕಿಂತ, ಅದರಲ್ಲೊಂದು ಅಂಕಿ ತಪ್ಪಿದೆ ಎಂದು ತೋರಿಸಿದರು ಎಂದರೆ ಸರಿಯಾದೀತು. ಆ ಮೇಜು ಅವರಿಗೆ ಬೇಡವಾಗಿತ್ತೆಂದಲ್ಲ. ಮುಖ್ಯಸ್ಥರ ಕೋಣೆಗೆ ಹೋಗುವ ಮೊದಲು ನೀರಿನ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟು, ಮತ್ತೆ ಎತ್ತಿದ್ದನ್ನು ಪಕ್ಕದವನು ನೋಡಿದ್ದಾನೆ.

ಒಳಗೆ ನಡೆದದ್ದು ಮೂರು ನಿಮಿಷದ ಮಾತು. ಮುಖ್ಯಸ್ಥರು ಕೆಟ್ಟವರಲ್ಲ, ಕೂಗಾಡಲಿಲ್ಲ, ಕುರ್ಚಿ ತೋರಿಸಿ ಕೂರಿಸಿಕೊಂಡೇ ಕೇಳಿದರು.

"ಅಂದ್ರೆ, ತಂತ್ರಾಂಶವೂ ಹಿಡೀಲಿಲ್ಲ, ನೀವೂ ಹಿಡೀಲಿಲ್ಲ."

"ನಾನು ಹಿಡಿದೆ ಸರ್. ಮೂರು ಗಾಜು ತಡವಾಗಿ."

"ನಮ್ಮ ಮಾತು ನೆನಪಿದೆಯಲ್ಲ?"

"ಇದೆ. ಈ ನಕ್ಷೆ ತಿದ್ದಿ ಕಳಿಸಿ ಜಾಗ ಬಿಡ್ತೀನಿ. ಮಧ್ಯಾಹ್ನದೊಳಗೆ ಆಗುತ್ತೆ."

ಮಧ್ಯಾಹ್ನದೊಳಗೆ ಆಯಿತು. ಪರಿಶೀಲನೆಯ ಮೇಜನ್ನು ಎತ್ತಿಸಿ ಅಲ್ಲಿ ಮುದ್ರಣಯಂತ್ರ ಇಟ್ಟರು. ಮೂಲೆಯಕ್ಕನಿಗೆ ಮೆಟ್ಟಿಲು, ಶೌಚಾಲಯ, ವಾಹನ ನಿಲ್ದಾಣದ ಇಳಿಜಾರುಗಳ ಕೆಲಸ ಬಂತು. "ಸೊಸೆಗೆ ಈಗ ಬಡ್ತಿ ಸಿಕ್ಕಿದೆ, ಗಾಜಿನಿಂದ ಬಚ್ಚಲಿಗೆ" ಎಂದು ಅತ್ತೆ ನೆರೆಯವರಿಗೆ ಹೇಳಿದರಂತೆ. ಹೇಳಿ, ಒಳಗೆ ಬಂದು, ಆ ವಾರವೆಲ್ಲ ಸೊಸೆಗೆ ಇಷ್ಟವಾದದ್ದನ್ನೇ ಅಡುಗೆ ಮಾಡಿದರು. ಗ್ರಂಥಾಲಯ ಎದ್ದು ನಿಂತಿತು. ಎಂಟು ಗಾಜೂ ಸಲೀಸಾಗಿ ಕೂತವು.

ಇದಾಗಿ ಎರಡು ತಿಂಗಳಿಗೆ ಪಕ್ಕದ ಮೇಜಿನವನು ತನ್ನದೊಂದು ನಕ್ಷೆಯಲ್ಲಿ, ಯಾರೂ ಕಾಣದ, ಯಾರೂ ಕಾಣುವ ಹಾಗೂ ಇಲ್ಲದ ತಪ್ಪೊಂದನ್ನು ಕಂಡುಹಿಡಿದು, ತಾನೇ ಹೋಗಿ ಮುಖ್ಯಸ್ಥರಿಗೆ ಹೇಳಿ, ಬೈಸಿಕೊಂಡು ಬಂದ. ಬಂದವನು ಇಡೀ ದಿನ ಮೂಲೆಯಕ್ಕನ ಮೇಲೆ ಮುನಿಸಿಕೊಂಡು ಕೂತಿದ್ದ. ಅವರು ಅವನಿಗೆ ಒಂದು ಮಾತೂ ಹೇಳಿರಲಿಲ್ಲ.

ಇಂಥವರು ಪ್ರಾಮಾಣಿಕತೆಯ ವಿಚಾರ ಎತ್ತುವುದೇ ಕಡಿಮೆ. ಅದು ಗುಣವೆಂದು ಅವರಿಗೆ ಅನಿಸಿರುವುದೇ ಇಲ್ಲ, ಅಳತೆಯ ವಿಷಯವೆಂದುಕೊಂಡಿರುತ್ತಾರೆ. ಬೇರೆಯವರ ಕೆಲಸಕ್ಕೆ ಹಿಡಿದ ಅಳತೆಗೋಲನ್ನೇ ತಮ್ಮ ಕೆಲಸಕ್ಕೂ ಹಿಡಿಯುತ್ತಾರೆ, ಅದು ತೋರಿಸಿದ ಅಂಕಿಯನ್ನು ಓದಿ ಹೇಳುತ್ತಾರೆ, ಆದ ನಷ್ಟವನ್ನು ತೆಗೆದುಕೊಂಡು ಮುಂದಿನ ಕೆಲಸಕ್ಕೆ ಕೂರುತ್ತಾರೆ. ಅವರಿಂದ ಯಾರಿಗೂ ಉಪದೇಶದ ಕಾಟವಿಲ್ಲ. ಕಾಟವಿರುವುದು ಪಕ್ಕದಲ್ಲಿ ಕೂರುವವರಿಗೆ; ಅಲ್ಲಿ ಕೆಲವು ವರ್ಷ ಕೂತೆದ್ದವನಿಗೆ ಸಣ್ಣದೊಂದು ಸುಳ್ಳು ಹೇಳಿ ನೆಮ್ಮದಿಯಾಗಿ ಊಟ ಮಾಡುವುದು ಮೊದಲಿನಷ್ಟು ಸುಲಭವಲ್ಲ.