ಬೇಕರಿಯವಳ ಸಕ್ಕರೆ ಕಾಯಿಲೆ

ಇಪ್ಪತ್ತು ವರ್ಷ ಬೇಕರಿಯ ಒಲೆಯ ಮುಂದೆ ಕಳೆದವಳಿಗೆ ಸಕ್ಕರೆ ಕಾಯಿಲೆ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಎರಡು ವರ್ಷ ಮಾತ್ರೆ ನುಂಗಿದರೂ ಸಕ್ಕರೆ ಇಳಿಯಲಿಲ್ಲ. ಇಳಿದದ್ದು ಅವಳ ತೂಕ ಮಾತ್ರ. "ಕದ್ದು ತಿಂತೀಯ ಕಣೇ, ನನ್ಹತ್ರ ಮುಚ್ಚಿಡಬೇಡ," ಎಂದು ಅಕ್ಕ ಗದರಿದಳು. ಬಾಯಿ ಕಟ್ಟಿ ಬದುಕುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು.

ಅಕ್ಕನನ್ನು ಜೊತೆಗೆ ಕರೆದುಕೊಂಡೇ ಹೊಸ ಡಾಕ್ಟರ ಬಳಿಗೆ ಹೋದಳು. "ಒಂದು ಚೂರು ಕೇಕೂ ಬಾಯಿಗೆ ಹಾಕಿಲ್ಲ ಡಾಕ್ಟ್ರೇ. ಬೇರೆ ಏನೋ ಇದೆ, ಹುಡುಕಿ," ಎಂದಳು. ಡಾಕ್ಟರು ಅವಳ ಮಾತನ್ನು ನಂಬಿ ಬೇರೆ ರಕ್ತಪರೀಕ್ಷೆ ಬರೆದುಕೊಟ್ಟರು. ವಾರದ ನಂತರ ವರದಿ ನೋಡಿ ಹೇಳಿದರು:

"ಸಕ್ಕರೆ ಕಾಯಿಲೇಲಿ ಹಲವು ಬಗೆ ಇದೆಯಮ್ಮ. ಇನ್ಸುಲಿನ್ ಮಾಡೋ ಜೀವಕೋಶಗಳನ್ನ ನಿಮ್ಮ ದೇಹವೇ ಹಾಳು ಮಾಡ್ತಿದೆ. ತಿಂದದ್ದರಿಂದ ಬಂದಿದ್ದಲ್ಲ. ಇದಕ್ಕೆ ಬರೀ ಮಾತ್ರೆ ಸಾಲಲ್ಲ, ಇನ್ಸುಲಿನ್ನೇ ಬೇಕು."

"ದಿನಾ ಸೂಜಿನಾ?" ಅಕ್ಕ ಬೆಚ್ಚಿದಳು.

"ಉರಿಯೋ ಒಲೆಗೇ ಕೈ ಹಾಕೋಳು ನಾನು, ಸೂಜಿ ಯಾವ ಲೆಕ್ಕ?" ಎಂದಳು ತಂಗಿ.

ಮೂರು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂತು, ಕೆನ್ನೆಯೂ ತುಂಬಿತು. ಒಂದು ಬೆಳಿಗ್ಗೆ ಅಕ್ಕ ಬೇಕರಿಗೇ ಬಂದು, "ಸುಮ್ಮನೆ ನಿನ್ನ ಮೇಲೆ ಗೂಬೆ ಕೂರಿಸ್ಬಿಟ್ಟೆ ಕಣೇ," ಎಂದಳು. ತಂಗಿ ನಗುತ್ತಾ ಹಿಟ್ಟಿನ ಪಾತ್ರೆಯನ್ನು ಅವಳ ಮುಂದೆ ತಳ್ಳಿದಳು: "ಸರಿ, ಈಗ ನಾದು."