ಎರಡು ಓಟಿನ ಆಣೆ

ಗೋಡೆಯ ಶಿಲುಬೆ ಮೇಜಿನ ಮೇಲೆ ಮಲಗಿತ್ತು. ಒಗೆದ ಬಟ್ಟೆಯ ಬುಟ್ಟಿ ಇಳಿಸುತ್ತಿದ್ದ ಸೆರಪಿನ ಗಂಡನ ಮುಖ ನೋಡಿದಳು. ಇನಾಸ ತಲೆ ಎತ್ತಲಿಲ್ಲ.

"ಜಟ್ಟಿಂಗಪ್ಪ ಬಂದಿದ್ದ."

ಜಟ್ಟಿಂಗಪ್ಪ ಗುತ್ತಿಗೆದಾರ ಹೂವಯ್ಯನವರ ಮೇಸ್ತ್ರಿ. ಇನಾಸನ ಬಡಗಿ ಕೆಲಸ ಅವರ ಕೈಕೆಳಗೆ; ಕಾರ್ಗಲ್ಲಿನ ಈ ತಗಡಿನ ಶೆಡ್ಡೂ ಅವರದೇ. ಈ ಸಲ ಚುನಾವಣೆಗೆ ಅವರ ಭಾವಮೈದ ಸೈಕಲ್ ಗುರುತಿನಲ್ಲಿ ನಿಂತಿದ್ದ. ಮೇಸ್ತ್ರಿ ಶೆಡ್ಡು ಶೆಡ್ಡಿಗೂ ಹೋಗಿ ತೆಂಗಿನಕಾಯಿ ಮುಟ್ಟಿಸಿ ಆಣೆ ಹಾಕಿಸಿಕೊಳ್ಳುತ್ತಿದ್ದ. ಕಿರಿಸ್ತಾನರಿಗೆ ಕಾಯಿ ನಡೆಯುವುದಿಲ್ಲವೆಂದು ಇಲ್ಲಿ ಗೋಡೆಯ ಶಿಲುಬೆಯನ್ನೇ ಇಳಿಸಿ ಮುಂದಿಟ್ಟಿದ್ದ.

"ಮುಟ್ಟಿದ್ರಾ?"

"ಮುಟ್ದೆ. ಮನೆಯ ಎರಡು ಓಟೂ ಸೈಕಲ್ಲಿಗೇ ಅಂದೆ."

ಸೆರಪಿನ ಸೆರಗಿಗೆ ಕೈ ಒರೆಸಿಕೊಂಡು ಶಿಲುಬೆಯನ್ನು ಮೊಳೆಗೆ ತೂಗುಹಾಕಿದಳು.

"ನಿಮ್ದು ನೀವು ಕೊಟ್ರಿ, ಸರಿ. ನಂದು ಕೊಡಕ್ಕೆ ನೀವ್ಯಾರು?"

"ಆಣೆ ಆಗೋಯ್ತಲ್ಲ ಮಾರಾಯ್ತಿ! ಮುರಿದ್ರೆ ಪಾಪ ನನ್ನ ತಲೆಗೆ. ಶೆಡ್ಡೂ ಹೋತದೆ."

"ಶನಿವಾರ ಸಾಗರದ ಇಗರ್ಜಿಗೆ ಹೋಗಿ. ನಂದಲ್ಲದ್ದನ್ನ ದೇವರ ಮುಂದೆ ಕೊಟ್ಬಿಟ್ಟೆ ಅಂತ ಪಾದ್ರಿಗಳ ಹತ್ರ ಹೇಳ್ಕಳಿ."

ಅವಳ ಓಟು ಏಣಿ ಗುರುತಿನ ಮೇಷ್ಟರಿಗೆ ಎಂದು ಎಂದೋ ತೀರ್ಮಾನವಾಗಿತ್ತು. ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರಿಗೆ ಸ್ವಂತ ಜಾಗ ಕೊಡಿಸಬೇಕೆಂದು ಓಡಾಡಿದವರು ಅವರೊಬ್ಬರೇ. ಸೆರಪಿನ ಹುಟ್ಟಿದ ಮನೆಯೂ ಆ ನೀರಿನಡಿಯಲ್ಲೇ ಇತ್ತು. ಉಪವಾಸಕಾಲದ ಆ ಸಂಜೆ ಜಪಸರ ಹಿಡಿದು ಕೂತಾಗ ಅವಳು ಶೆಡ್ಡು ಉಳಿಸು ಎಂದು ಬೇಡಲಿಲ್ಲ. ನಾಲಿಗೆ ನಡುಗದಿರಲಿ ಎಂದಷ್ಟೇ ಬೇಡಿದಳು.

ಮತದಾನದ ದಿನ ಹೂವಯ್ಯನವರ ಜೀಪು ಆಳುಗಳನ್ನು ಶಾಲೆಗೆ ತಂದು ಇಳಿಸಿತು. ತನ್ನ ಆಣೆಗೆ ಕಟ್ಟುಬಿದ್ದ ಇನಾಸ ಮೊದಲೇ ಓಟು ಹಾಕಿ ಬಂದು ಜೀಪಿನಲ್ಲಿ ಕೂತ. ಸೆರಪಿನ ಮರೆಗೆ ಹೋಗಿ ಏಣಿಯನ್ನು ಹುಡುಕಿ, ಹಳೆ ಬಟ್ಟೆಯ ಬೊಂತೆ ಹೊಲಿಯುವಷ್ಟೇ ನಿಧಾನದಿಂದ ಮುದ್ರೆ ಒತ್ತಿದಳು.

ಗೇಟಿನ ಬಳಿ ಜಟ್ಟಿಂಗಪ್ಪ ಅಡ್ಡ ನಿಂತ.

"ಸೈಕಲ್ಲಿಗೇ ತಾನೆ, ಬಾಯಮ್ಮ? ಹಂಗೇ ಎದೆ ಮೇಲೆ ಶಿಲುಬೆ ಗುರ್ತು ಹಾಕಿ ಒಂದ್ಮಾತು ಹೇಳ್ಬಿಡಿ."

"ಆ ಗುರ್ತು ಹಾಕಿ ಸುಳ್ಳು ಹೇಳಕ್ಕಾಗದಿಲ್ಲ ಮೇಸ್ತ್ರಿ. ನಿಜ ನಿಮಗೆ ಹೇಳಬೇಕಾಗಿಲ್ಲ."

ಸಾಲಿನಲ್ಲಿದ್ದ ಪಕ್ಕದ ಶೆಡ್ಡಿನ ದುರ್ಗಮ್ಮ ಕಿಸಕ್ಕನೆ ನಕ್ಕಳು. "ಇನ್ನೊಂದು ಕಾಯಿ ತರಬೇಕಿತ್ತು ಕಣಣ್ಣ!"

ಜಟ್ಟಿಂಗಪ್ಪನ ಮುಖ ಕೆಂಪಾಯಿತು. "ಹಂಗಾರೆ ಅತ್ಲಾಗೆ ಹಾಕಿದೀರಿ. ನಾಳೆ ಹೂವಯ್ಯೋರು ಶೆಡ್ಡಿಗೆ ಬೀಗ ಹಾಕಿಸ್ತಾರೆ, ತಿಳ್ಕಳಿ."

"ಹಾಕಿಸ್ಲಿ. ಪಾತ್ರೆ ಹೊರಗಿಡಕ್ಕೆ ಅರ್ಧ ಗಂಟೆ ಬಿಡಿ ಅಂತ ಹೇಳಿ."

ಅವಳ ನಾಲಿಗೆ ನಡುಗಲಿಲ್ಲ. ಜೀಪಿನಲ್ಲಿ ಗಂಡ ಬೇರೆಡೆ ನೋಡುತ್ತ ಕೂತಿದ್ದುದನ್ನು ಕಂಡಳು. ಕರೆಯಲಿಲ್ಲ. ಬಿಸಿಲಿಗೆ ಸೆರಗು ಹೊದ್ದು ರಸ್ತೆ ಹಿಡಿದಳು.

ತಿರುವಿನಲ್ಲಿ ಜೀಪು ಹಾರನ್ ಹೊಡೆಯುತ್ತ ಅವಳನ್ನು ದಾಟಿತು. ಕೆಂಧೂಳು ಎದ್ದು ಏನೂ ಕಾಣದಾಯಿತು. ಮುಂದೆಲ್ಲೋ ಜೀಪು ಗಕ್ಕನೆ ನಿಂತ ಸದ್ದು, ಯಾರೋ ಬೈದ ಸದ್ದು. ಮತ್ತೆ ಅದು ಹೊರಟುಹೋಯಿತು. ಧೂಳು ಇಳಿದಾಗ ರಸ್ತೆಯ ಅಂಚಿನಲ್ಲಿ ಇನಾಸ ಅವಳ ದಾರಿ ಕಾಯುತ್ತ ನಿಂತಿದ್ದ, ಪಂಚೆ ಕೊಡವಿಕೊಳ್ಳುತ್ತ.