ನೂಲಿನ ಕಾರ್ಖಾನೆಯ ಅಟ್ಟ

ಹರವೆಯ ಹತ್ತಿರದ ಪಾಳು ರೇಷ್ಮೆ ಕಾರ್ಖಾನೆಯೊಳಗೆ ಮಲ್ಲಿಗಮ್ಮ ಮತ್ತೆ ಕಾಲಿಟ್ಟಿದ್ದು ತಪ್ಪಿಸಿಕೊಂಡ ಮೇಕೆಯನ್ನು ಹುಡುಕಿಕೊಂಡು. ಮೇಕೆ ಅಲ್ಲೇ ಇತ್ತು. ನೂಲು ತೆಗೆಯುವ ತೊಟ್ಟಿಗಳ ನಡುವೆ ಹಬ್ಬಿದ್ದ ಬಳ್ಳಿಯನ್ನು ನೆಮ್ಮದಿಯಾಗಿ ಮೇಯುತ್ತಿತ್ತು. ಅದರ ಕಿವಿ ಹಿಡಿಯಲು ಬಗ್ಗಿದವಳು ಯಾಕೋ ಒಮ್ಮೆ ತಲೆ ಎತ್ತಿದಳು. ಎತ್ತಿದ ತಲೆ ತಗ್ಗಲಿಲ್ಲ.

ಮದುವೆಯಾಗಿ ಬಂದ ಹೊಸದರಿಂದ ಆ ಕಾರ್ಖಾನೆ ಮುಚ್ಚುವವರೆಗೂ ಅವಳು ಅಲ್ಲಿ ದುಡಿದವಳು. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಉರುಳುತ್ತಿದ್ದರೆ ಬರಿಗೈಯಲ್ಲಿ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಬೆರಳ ತುದಿಗಳು ಬೆಂದು ಬಿಳಚಿಕೊಳ್ಳುತ್ತಿದ್ದವು. ಸತ್ತ ಹುಳದ ನಾತ ಸೀರೆಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಗೋಡೆಗೆ ತಾಗಿದಂತೆ ಮೇಲೊಂದು ಮರದ ಅಟ್ಟ. ಅದರ ಮೇಲೆ ಮೇಸ್ತ್ರಿ ಬೆಳಗಿನಿಂದ ಸಂಜೆವರೆಗೆ ಅತ್ತಿಂದಿತ್ತ ನಡೆಯುತ್ತಿದ್ದ. ಯಾರಾದರೂ ತಲೆ ಎತ್ತಿದರೆ ಸಾಕು, ಮೇಲಿನಿಂದ ಹೆಸರು ಹಿಡಿದು ಕೂಗುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಮಲ್ಲಿಗಮ್ಮ ಸೆರಗನ್ನು ಮೂಗಿಗೆ ಒತ್ತಿ ಮುಖ ತಿರುಗಿಸಿಕೊಂಡೇ ಹೋಗಿದ್ದಳು.

ಈಗ ನೋಡಿದರೆ ಚಾವಣಿಯ ಹೆಂಚುಗಳೆಲ್ಲ ಬಿದ್ದುಹೋಗಿ ಬರೀ ಕಬ್ಬಿಣದ ಪಕ್ಕೆಲುಬುಗಳು ಉಳಿದಿದ್ದವು. ಅವುಗಳ ನಡುವೆ ಆಕಾಶವಿತ್ತು. ಪೂರ್ವದ ಗೋಡೆಯ ನೆತ್ತಿಯಲ್ಲಿ ಹುಟ್ಟಿದ ಅರಳಿಮರ ತನ್ನ ಬೇರನ್ನು ಕಿಟಕಿಯ ಕಮಾನಿನ ಸುತ್ತ ಇಳಿಬಿಟ್ಟು, ಇಟ್ಟಿಗೆಗಳನ್ನು ಬಿಗಿಯಾಗಿ ತಬ್ಬಿಕೊಂಡಿತ್ತು. ಮಳೆನೀರು ತುಂಬಿದ ತೊಟ್ಟಿಗಳಲ್ಲಿ ಪಾಚಿ, ಪಾಚಿಯ ಮೇಲೆ ಕಪ್ಪೆ. ಬಿಸಿಲು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತಿತ್ತು. ಮಲ್ಲಿಗಮ್ಮ ನಿಂತೇ ಇದ್ದಳು. ಮೇಕೆ ತಾನಾಗಿಯೇ ಮನೆಗೆ ಹೋಯಿತು.

ಅವತ್ತಿನಿಂದ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಸೌದೆ ಅಂತ ಒಮ್ಮೆ, ಸೊಪ್ಪು ಅಂತ ಒಮ್ಮೆ, ಆಮೇಲೆ ಯಾವ ನೆಪವೂ ಇಲ್ಲದೆ ಅತ್ತ ಹೊರಟುಬಿಡುವಳು. ಒಲೆಯ ಮೇಲೆ ಸಾರು ಕುದಿಯುವಾಗ, ಈ ಹೊತ್ತಿಗೆ ಬಿಸಿಲು ಯಾವ ತೊಟ್ಟಿಯ ಮೇಲಿರಬಹುದು ಅನ್ನುವ ಯೋಚನೆ. ಗಂಡ ದೊಡ್ಡಮಾದಯ್ಯ ಒಂದು ದಿನ ಕೇಳಿಯೇಬಿಟ್ಟ.

“ಅಲ್ಲ ಕಣಮ್ಮಿ, ಅಲ್ಲಿ ಏನಾರ ಮೆಟ್ಕಂಡಿದ್ದದಾ ನಿಂಗ? ಮಂತ್ರ ಹಾಕ್ಸನ ಅಂದ್ರ ಹೇಳು.”

“ಏನೂ ಮೆಟ್ಕಂಡಿಲ್ಲ, ಸುಮ್ನಿರಿ.”

ಸೊಸೆ ಶಿವರಂಜಿನಿ ಚಾಮರಾಜನಗರದ ಕಾಲೇಜೊಂದರಲ್ಲಿ ಅಟೆಂಡರ್. ಅವಳು ಇನ್ನೊಂದು ಬಗೆಯಲ್ಲಿ ಕೇಳಿದಳು. “ಅಲ್ಲಿ ಹೋಗಿ ಏನ್ ಮಾಡ್ತೀರಾ ಅತ್ತೆ?”

“ನೋಡ್ತೀನಿ.”

“ಏನ?”

“ಚೆಂದಾಗದೆ ಕಣವ್ವ,” ಅಂದು ಮಲ್ಲಿಗಮ್ಮ ಒಳಗೆ ಹೋದಳು.

ಇದನ್ನು ಅರ್ಥ ಮಾಡಿಕೊಳ್ಳುವವಳು ಒಬ್ಬಳೇ ಅಂತ ಅವಳಿಗೆ ಅನ್ನಿಸಿತು. ಪಕ್ಕದ ತೊಟ್ಟಿಯಲ್ಲಿ ಕೂತು ದುಡಿದಿದ್ದ ದೊಡ್ಡಮಲ್ಲಮ್ಮ. ಈಗ ಭೀಮನಬೀಡಿನಲ್ಲಿ ಮಗಳ ಮನೆಯಲ್ಲಿದ್ದಳು. ಮಲ್ಲಿಗಮ್ಮ ಬಸ್ಸು ಹತ್ತಿ ಹೋಗಿ, ಏನು ಎತ್ತ ಅಂತ ಹೇಳದೆ ಅವಳನ್ನು ಕರೆತಂದಳು. ಕಾರ್ಖಾನೆಯ ಗೇಟು ಕಂಡ ಕೂಡಲೇ ದೊಡ್ಡಮಲ್ಲಮ್ಮ ನಿಂತುಬಿಟ್ಟಳು.

“ಇಲ್ಲಿಗ್ಯಾಕ ನೀ ಕರ್ಕಂಡ್ ಬಂದ?”

“ಒಳಗ ಬಾ, ನೋಡು. ಎಂಗಾಗದೆ ಅಂತ.”

“ನಾ ಬರಕಿಲ್ಲ. ಆ ಹುಳದ ನಾತ ಇನ್ನೂ ನನ್ನ ಮೂಗ್ನಲ್ಲೇ ಅದೆ.”

“ನಾತ ಎಲ್ಲದೆ ಈಗ? ಮರ ಬೆಳ್ಕಂಡು, ಬಿಸ್ಲು ಬಿದ್ಕಂಡು ಎಷ್ಟ್ ಚೆಂದಾಗದೆ ಗೊತ್ತಾ?”

ದೊಡ್ಡಮಲ್ಲಮ್ಮ ತನ್ನ ಎರಡೂ ಕೈಗಳನ್ನು ಅವಳ ಮುಖದ ಮುಂದೆ ಹಿಡಿದಳು. ಬೆರಳ ತುದಿಗಳಲ್ಲಿ ರೇಖೆಗಳೇ ಇರಲಿಲ್ಲ. “ರೇಷನ್ ಅಂಗ್ಡಿಲಿ ಮಿಷಿನ್ನು ಹೆಬ್ಬೆಟ್ಟು ತಕ್ಕಳಲ್ಲ ನಂದು. ಚೆಂದವಂತೆ! ನಾಚ್ಕ ಆಗಕಿಲ್ವಾ ನಿಂಗ?” ಎಂದವಳೇ ತಿರುಗಿ ಬಸ್‌ಸ್ಟಾಪಿಗೆ ನಡೆದಳು. ಮಲ್ಲಿಗಮ್ಮ ಹಿಂದೆ ಹಿಂದೆ ಹೋದರೂ ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು.

ಆ ಮಾತು ಮಲ್ಲಿಗಮ್ಮನನ್ನು ಬಿಡಲಿಲ್ಲ. ಕೈ ಸುಟ್ಟ ಜಾಗ ಕಣ್ಣಿಗೆ ಹಬ್ಬವಾಗುವುದು ಹೇಗೆ? ತನ್ನ ಬುದ್ಧಿ ಕೆಟ್ಟಿದೆಯೇ? ಇನ್ನು ಹೋಗಬಾರದು ಅಂದುಕೊಂಡಳು. ಮನೆಯಲ್ಲೇ ಅತ್ತಿಂದಿತ್ತ ಅಲೆದಳು, ಗುಡಿಸಿದ್ದನ್ನೇ ಗುಡಿಸಿದಳು. ನಾಲ್ಕನೆಯ ದಿನ ಕಾಲು ತಾನಾಗಿ ಅತ್ತ ತಿರುಗಿತ್ತು.

ಮಗ ಶಾಂತರಾಜು ಜೆಸಿಬಿ ಓಡಿಸುತ್ತಿದ್ದ. ಸೋಮಶೇಖರ್ ಎಂಬ ಗುತ್ತಿಗೆದಾರನ ಹತ್ತಿರ ಕೆಲಸ. ಒಂದು ಸಂಜೆ ಮುದ್ದೆ ಮುರಿಯುತ್ತಾ ಅವನು, “ನಾಳೆ ನಿನ್ ಕಾರ್ಖಾನೆ ಕೆಡವಕ್ಕ ಹೋಯ್ತಿದ್ದೀನಿ ಕಣವ್ವ. ಜಾಗ ಮಾರ್ಬುಟ್ಟವ್ರೆ. ಪೆಟ್ರೋಲ್ ಬಂಕ್ ಬತ್ತದಂತೆ,” ಅಂದ.

ಮಲ್ಲಿಗಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಪೂರ್ತಿ ಕೆಡವ್ತೀಯಾ?”

“ಅರ್ಧ ಕೆಡವಕ್ಕ ದುಡ್ಡು ಕೊಟ್ಟಾರಾ? ನೀನೇನು, ಅಡ್ಡ ಬಂದು ಮಲಿಕಂಡೀಯಾ?”

“ಅಡ್ಡ ಮಲಗಕ್ಕ ಅದೇನು ನಮ್ಮಪ್ಪಂದಾ?”

ಎಲ್ಲರೂ ನಕ್ಕರು. ಬೆಳಿಗ್ಗೆ ಶಾಂತರಾಜು ಏಳುವ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋಗಿರಬೇಕು ಅಂದುಕೊಂಡು ಅವನು ಕೆಲಸಕ್ಕೆ ಹೊರಟ.

ಹಿಂದಿನ ಬಾಯ್ಲರ್ ಕೋಣೆಯಿಂದ ಕೆಡವಲು ಶುರುಮಾಡಿದ. ಅದು ಬಿದ್ದು ದೂಳು ಅಡಗುತ್ತಿರುವಾಗ ಸೋಮಶೇಖರ್ ಎರಡೂ ಕೈ ಎತ್ತಿ ಕೂಗುತ್ತಾ ಓಡಿಬಂದ. “ನಿಲ್ಸಲಾ! ಒಳಗ ಯಾರೋ ಅವ್ರೆ! ಅಟ್ಟದ್ ಮೇಲೆ!”

ಶಾಂತರಾಜು ಎಂಜಿನ್ ಆರಿಸಿ ಒಳಗೆ ನುಗ್ಗಿದ. ಅರ್ಧ ಕಳಚಿಕೊಂಡ ಅಟ್ಟದ ಮೇಲೆ, ಕಟಕಟೆ ಹಿಡಿದು ಅವನ ತಾಯಿ ನಿಂತಿದ್ದಳು.

“ಅವ್ವಾ! ಹಲ್ಗೆ ಎಲ್ಲ ಗೆದ್ಲು ತಿಂದದೆ! ಅಲ್ಲಾಡ್ಬ್ಯಾಡ!”

“ಕಿರಿಚ್ಕಬ್ಯಾಡ ಕಣ್ಲಾ, ಬಾ ಮೇಲಕ್ಕ. ಗೋಡೆ ಪಕ್ಕ ಕಾಲಿಡು, ತಡೀತದೆ.”

ಬೈಯುತ್ತಲೇ ಹತ್ತಿದ. ಹತ್ತಿ ಅವಳ ತೋಳು ಹಿಡಿದುಕೊಂಡ ಮೇಲೆ ಕೆಳಗೆ ನೋಡಿದ. ಸಾಲು ಸಾಲು ತೊಟ್ಟಿಗಳಲ್ಲಿ ನಿಂತ ನೀರಿಗೆಲ್ಲ ಒಟ್ಟಿಗೆ ಬಿಸಿಲು ಬಿದ್ದಿತ್ತು. ಅದರ ಹೊಳಪು ಗೋಡೆಯ ಮೇಲೆ, ಅರಳಿಯ ಬೇರಿನ ಮೇಲೆ, ತಾಯಿಯ ಗಲ್ಲದ ಮೇಲೆ ನಡುಗುತ್ತಿತ್ತು. ಎಷ್ಟೋ ಕಟ್ಟಡಗಳನ್ನು ನೆಲಕ್ಕೆ ಹಾಕಿದವನು ಅವನು. ಕಟ್ಟಡ ಅಂದರೆ ಎಲ್ಲಿ ಹೊಡೆದರೆ ಎತ್ತ ಬೀಳುತ್ತದೆ ಅನ್ನುವುದಷ್ಟೇ ಇವತ್ತಿನವರೆಗೆ ಅವನ ಕಣ್ಣಿಗೆ ಕಂಡಿತ್ತು. ಬೈಯುವುದು ಮರೆತು ನೋಡುತ್ತಾ ನಿಂತ.

“ಅಗೋ, ಆ ಕಂಬದ ಪಕ್ಕದ್ ತೊಟ್ಟಿ ನಂದು,” ಮಲ್ಲಿಗಮ್ಮ ಬೆರಳು ಮಾಡಿದಳು. “ಅದ್ರ ಪಕ್ಕ ದೊಡ್ಡಮಲ್ಲಮ್ಮಂದು. ಆ ಮೇಸ್ತ್ರಿ ಇಲ್ಲಿ ನಿಂತ್ಕಂಡು ನೋಡ್ತಿದ್ದ. ನಮ್ಗ ಈ ಮೆಟ್ಲು ಮುಟ್ಟಕ್ಕೂ ಬುಡ್ತಿರ್ಲಿಲ್ಲ. ಇಲ್ಲಿಂದ ಎಂಗ ಕಾಣ್ತದೆ ಅಂತ ಒಂದ್ಸಲ ನೋಡ್ಬೇಕಾಗಿತ್ತು.”

“ಎಂಗ ಕಾಣ್ತದೆ?”

ಅವಳು ಕತ್ತು ಬಗ್ಗಿಸಿ ಕೆಳಗಿನ ತೊಟ್ಟಿಗಳನ್ನು ನೋಡಿದಳು. “ಅವ್ನಿಗ ಬರೀ ನಮ್ ನೆತ್ತಿ ಕಾಣ್ತಿತ್ತು, ಅಷ್ಟೇಯ. ನಮ್ಗ ಬರೀ ನೀರು ಕಾಣ್ತಿತ್ತು. ಇಷ್ಟ್ ದೊಡ್ಡ ಕಿಟ್ಕಿ ಇತ್ತು ಅನ್ನೋದೇ ನಂಗ ಗೊತ್ತಿರ್ಲಿಲ್ಲ ಕಣ್ಲಾ, ಶಾಂತ.”

ಕೆಳಗಿನಿಂದ ಸೋಮಶೇಖರ್ ಕೂಗಿದ. ಇಳಿಯುವಾಗ ಒಂದು ಮೆಟ್ಟಿಲಿನ ಹಲಗೆ ಮುರಿದು ಮಲ್ಲಿಗಮ್ಮನ ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಶಾಂತರಾಜು ಅವಳನ್ನು ಎತ್ತಿ ಹೊರಗೆ ತಂದು ಹುಣಸೆಮರದ ಕೆಳಗೆ ಕೂರಿಸಿದ. ಕಾಲಿನಲ್ಲಿ ರಕ್ತ ನೋಡಿ ಅವನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

“ನೀ ಸತ್ತೋಗಿದ್ರ ಏನ್ ಮಾಡ್ತಿದ್ದ? ನಾನೇ ಕೊಂದಂಗಾಗ್ತಿತ್ತಲ್ಲ!”

“ಸಾಯ್ಲಿಲ್ವಲ್ಲ. ಹೋಗು, ಕೆಲ್ಸ ಮಾಡು.”

“ಬೇಜಾರಾಗಕಿಲ್ವಾ ನಿಂಗ?”

“ಆಯ್ತದೆ. ನೀನಲ್ದಿದ್ರ ಇನ್ನೊಬ್ಬ ಕೆಡವ್ತಾನ. ಆ ಬೇರು ಇರೋ ಗೋಡೆ ಒಂದ ಕೊನೇಲಿ ಹೊಡಿ.”

ಅವನು ಹಾಗೆಯೇ ಮಾಡಿದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಆ ಗೋಡೆಯೊಂದೇ ಉಳಿದಿತ್ತು. ಮೊದಲ ಹೊಡೆತಕ್ಕೆ ಅದು ಅಲುಗಲಿಲ್ಲ. ಬೇರು ಬಿಗಿಹಿಡಿದಿತ್ತು. ಮೂರನೆಯದಕ್ಕೆ ಮರ, ಕಿಟಕಿ, ಇಟ್ಟಿಗೆ ಎಲ್ಲ ಒಂದಾಗಿ ಮಗುಚಿದವು. ಮಲ್ಲಿಗಮ್ಮ ಕಣ್ಣು ಮುಚ್ಚಲಿಲ್ಲ. ದೂಳು ತನ್ನವರೆಗೆ ಬಂದು ತಲೆ, ಸೀರೆ ಎಲ್ಲ ಮುಚ್ಚಿದರೂ ಅವಳು ಸೆರಗನ್ನು ಮೂಗಿಗೆ ಒತ್ತಲಿಲ್ಲ.

ಇಷ್ಟಕ್ಕೆ ಅವಳ ಚಡಪಡಿಕೆ ನಿಂತೀತು ಅಂತ ಮನೆಯವರು ಅಂದುಕೊಂಡಿದ್ದರು. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವಳನ್ನು ನೋಡಲು ಭೀಮನಬೀಡಿನಿಂದ ದೊಡ್ಡಮಲ್ಲಮ್ಮ ಬಂದಳು. ಕಾರ್ಖಾನೆಯ ಸುದ್ದಿಯನ್ನೇ ಎತ್ತದೆ ಕಾಫಿ ಕುಡಿದಳು. ಲೋಟ ಕೆಳಗಿಟ್ಟು, “ಬಿದ್ದಾಗ ಸದ್ದು ಎಂಗಿತ್ತು?” ಅಂದಳು. ಮಲ್ಲಿಗಮ್ಮ ಮೊದಲಿನಿಂದ ಹೇಳಿದಳು. ದೊಡ್ಡಮಲ್ಲಮ್ಮ ಇನ್ನೊಂದು ಸಲ ಹೇಳಿಸಿಕೊಂಡಳು.

ಆಮೇಲಿನ ವಾರ ಶಾಂತರಾಜುಗೆ ಗುಂಡ್ಲುಪೇಟೆಯಾಚೆ, ಕಾಡಂಚಿನ ಮದ್ದೂರಿನ ಕಡೆ ರಸ್ತೆ ಕೆಲಸ ಬಿತ್ತು. ಒಂದು ದಿನ ತಡವಾಗಿ ಮನೆಗೆ ಬಂದ. ಯಾಕೆ ತಡ ಅಂತ ಶಿವರಂಜಿನಿ ಕೇಳಿದರೆ ಅವನು ಹೆಂಡತಿಯ ಬದಲು ತಾಯಿಯ ಕಡೆ ತಿರುಗಿದ.

“ಕಾಡಿಂದ ಈಚೆಗ, ಊರೊಳಗೇ ಒಂದು ಹಳೇ ಬಂಗ್ಲೆ ಅದೆ ಕಣವ್ವ. ಬಾಗ್ಲೂ ಇಲ್ಲ, ಸೂರೂ ಇಲ್ಲ. ಒಳಗಡೆ ಬರೀ ಹೂವು. ಸುಮ್ನ ನಿಂತ್ಬುಟ್ಟೆ.”

“ನಾಳಿಕ್ಕ ಕರ್ಕಂಡ್ ಹೋದೀಯಾ?”

“ನಾಳೆ ಬೇರೆ ಕಡೆ ಕೆಲ್ಸ ಅದೆ. ನಿನ್ ಕಾಲೂ ವಾಸಿ ಆಗ್ಲಿ.”

ಮಲ್ಲಿಗಮ್ಮ ಸೊಸೆಯ ಕಡೆ ತಿರುಗಿದಳು. “ಗುಂಡ್ಲುಪೇಟೆಗ ಮೊದಲ್ನೇ ಬಸ್ಸು ಎಷ್ಟೊತ್ತಿಗವ್ವ?”